ಜೋಂಪಕ್ಕನ ಮೇಜು

ಬೈಂಡಿಂಗ್ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಜೋಂಪಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಷ್ಟೇ. ಶಾಲೆಯಲ್ಲಿ ಜೊತೆಯವರು ‘ಜೋಂಪಿ’ ಎಂದು ರೇಗಿಸುತ್ತಿದ್ದದ್ದು ಹೇಗೋ ಅವಳ ಬೆನ್ನು ಹತ್ತಿ ಅಂಗಡಿಗೂ ಬಂದಿತ್ತು. ವಯಸ್ಸು ಮೂವತ್ತು ದಾಟಿದ ಮೇಲೆ ಅದಕ್ಕೊಂದು ‘ಅಕ್ಕ’ ಸೇರಿ ಸ್ವಲ್ಪ ಮರ್ಯಾದೆ ಬಂತು. ಆ ಅಂಗಡಿಯಿಂದ ಹೊರಗೆ ಹೋಗುವ ಪ್ರತಿಯೊಂದು ಪುಸ್ತಕವೂ ಕಟ್ಟಕಡೆಗೆ ಅವಳ ಮೇಜಿಗೆ ಬಂದು, ಅವಳ ಕಣ್ಣು ದಾಟಿಯೇ ಹೋಗಬೇಕಿತ್ತು. ಕೂತಲ್ಲೇ ನಿದ್ದೆ ಹೋಗುವ, ಹೇಳಿದ ಕೆಲಸವನ್ನು ಅರ್ಧ ದಾರಿಯಲ್ಲಿ ಮರೆಯುವ ಹೆಂಗಸಿಗೆ ಅಂಥ ಮೇಜು ಹೇಗೆ ಸಿಕ್ಕಿತು ಎಂದು ಹೊಸಬರು ಕೇಳುತ್ತಿದ್ದರು. ಕೇಳುವಂಥದ್ದೇ.

ಚಿಕ್ಕಂದಿನಲ್ಲಿ ಅವಳಿಗೆ ನಿದ್ದೆಯ ಕಾಟ ಇರಲಿಲ್ಲ. ಮನಸ್ಸು ನಿಂತಲ್ಲಿ ನಿಲ್ಲದ ಕಾಟವಿತ್ತು. ಅಮ್ಮ ಉಪ್ಪು ತರಲು ಕಳಿಸಿದರೆ ದಾರಿಯಲ್ಲಿ ಯಾರೋ ಏಣಿ ಹತ್ತಿ ಅಂಗಡಿಯ ಬೋರ್ಡು ಬರೆಯುವುದನ್ನು ನೋಡುತ್ತ ನಿಂತುಬಿಡುತ್ತಿದ್ದಳು. ಅರ್ಧ ಗಂಟೆ ಬಿಟ್ಟು ಬರಿಗೈಯಲ್ಲಿ ಬಂದು, ಅವನು ಮೊದಲು ಅಕ್ಷರದ ನೆರಳು ಬರೆದು ಆಮೇಲೆ ಅಕ್ಷರ ಬರೆಯುತ್ತಾನೆ ಎಂದು ಕಣ್ಣರಳಿಸಿಕೊಂಡು ಹೇಳುತ್ತಿದ್ದಳು. ಉಪ್ಪೆಲ್ಲಿ ಎಂದಾಗ ನಾಲಿಗೆ ಕಚ್ಚಿಕೊಂಡು ಮತ್ತೆ ಓಡುತ್ತಿದ್ದಳು. ಅಪ್ಪ ಲಾರಿ ಓಡಿಸುವವರು, ಮನೆಯಲ್ಲಿ ಇದ್ದದ್ದಕ್ಕಿಂತ ರಸ್ತೆಯಲ್ಲಿ ಇದ್ದದ್ದೇ ಹೆಚ್ಚು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಿಂದ ಸುಸ್ತಾಗಿ ಬರುತ್ತಿದ್ದ ಅಮ್ಮನಿಗೆ ಈ ಮಗಳನ್ನು ಬೈಯಬೇಕೋ ಮುದ್ದಿಸಬೇಕೋ ಗೊತ್ತಾಗುತ್ತಿರಲಿಲ್ಲ.

ನಿದ್ದೆ ಬಂದದ್ದು ಹದಿಮೂರನೇ ವಯಸ್ಸಿನಲ್ಲಿ, ಯಾರೋ ಬಾಗಿಲು ತೆಗೆದು ಒಳಗೆ ಬಿಟ್ಟಂತೆ. ರಾತ್ರಿ ಎಷ್ಟು ಮಲಗಿದರೂ ಬೆಳಗ್ಗೆ ಎರಡನೇ ಪಾಠದ ಹೊತ್ತಿಗೆ ರೆಪ್ಪೆಗೆ ಕಲ್ಲು ಕಟ್ಟಿದಂತೆ ಆಗುತ್ತಿತ್ತು. ನೋಟ್‌ಬುಕ್ಕಿನಲ್ಲಿ ಸಾಲು ನೆಟ್ಟಗೆ ಹೊರಟು, ನಡುವೆ ಇಳಿಜಾರಾಗಿ, ಕೊನೆಗೆ ಮಸಿಯಲ್ಲಿ ಬಿದ್ದ ಇರುವೆ ಹರಿದಾಡಿದ ಹಾಗೆ ಮುಗಿಯುತ್ತಿತ್ತು. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಅವಳು ನಿಂತೇ ತೂಕಡಿಸಿದಳು. ಅಮ್ಮ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಎಂದು ಟಾನಿಕ್ ಬರೆದುಕೊಟ್ಟರು. ಟಾನಿಕ್ ಮುಗಿಯಿತು, ನಿದ್ದೆ ಮುಗಿಯಲಿಲ್ಲ. ಅಲ್ಲಿಂದ ಮುಂದೆ ಎಲ್ಲರ ಬಾಯಲ್ಲೂ ಒಂದೇ ಮಾತು, ಮೈಗಳ್ಳಿ. ಎರಡು ಸಲ ಪರೀಕ್ಷೆ ಫೇಲಾದಳು. ಮೂರನೇ ಸಲ ಕೂರುವುದಿಲ್ಲ ಎಂದು ತಾನೇ ಹೇಳಿ, ಹತ್ತೊಂಬತ್ತಕ್ಕೆ ಬೈಂಡಿಂಗ್ ಅಂಗಡಿ ಸೇರಿದಳು.

ಅಂಗಡಿ ಕೋರ್ಟಿನ ಹಿಂದಿನ ಗಲ್ಲಿಯಲ್ಲಿತ್ತು. ಉದ್ದಕ್ಕೆ ರೈಲು ಡಬ್ಬಿಯಂಥ ಒಂದು ಕೋಣೆ, ಅದರ ಕೊನೆಗೆ ಕಾಗದ ಪೇರಿಸಿಡುವ ಇನ್ನೊಂದು ಪುಟ್ಟ ಕೋಣೆ. ಒಳಗೆ ಕಾಲಿಟ್ಟರೆ ಮೊದಲು ಅಂಟಿನ ವಾಸನೆ, ಆಮೇಲೆ ಕಟಿಂಗ್ ಮಷಿನ್ನಿನ ಗದ್ದಲ. ಪ್ರೆಸ್ಸಿನಿಂದ ದೊಡ್ಡ ಹಾಳೆಗಳು ಅಚ್ಚಾಗಿ ಬರುತ್ತಿದ್ದವು. ಒಂದೊಂದು ಹಾಳೆಯನ್ನು ಮಡಚಿದರೆ ಹದಿನಾರು ಪುಟದ ಒಂದು ಕಂತೆ, ಅದಕ್ಕೆ ಫಾರಂ ಎನ್ನುತ್ತಾರೆ. ಒಂದನೇ ಫಾರಂ, ಎರಡನೇ ಫಾರಂ ಎಂದು ಮೇಜಿನ ಸುತ್ತ ಸಾಲಾಗಿ ಪೇರಿಸಿಟ್ಟು, ಮೇಜಿಗೆ ಸುತ್ತು ಹಾಕುತ್ತ ಪ್ರತಿ ಪೇರಿನಿಂದಲೂ ಒಂದೊಂದನ್ನು ಎತ್ತಿಕೊಂಡು ಬಂದರೆ ಒಂದು ಪುಸ್ತಕ ಆಗುತ್ತದೆ. ಆಮೇಲೆ ಹೊಲಿಗೆ, ಅಂಟು, ರಟ್ಟು. ಯಜಮಾನರು ಅವಳನ್ನು ಫಾರಂ ಕೂಡಿಸುವ ಕೆಲಸಕ್ಕೆ ಹಾಕಿದರು. ನಡೆಯುತ್ತಿದ್ದರೆ ಇವಳಿಗೆ ನಿದ್ದೆ ಬರುವುದಿಲ್ಲ ಎಂದು ಎರಡೇ ದಿನದಲ್ಲಿ ಅವರು ಕಂಡುಕೊಂಡಿದ್ದರು.

ನಿದ್ದೆ ಬರಲಿಲ್ಲ, ನಿಜ. ಆದರೆ ಮನಸ್ಸು ಹೊರಟುಹೋಯಿತು. ಮೊದಲ ವರ್ಷವೇ ಶಾಲೆಗಳಿಗೆ ಹೋಗುವ ವಿಜ್ಞಾನ ಪುಸ್ತಕದ ಮುನ್ನೂರು ಪ್ರತಿಗಳಲ್ಲಿ ಏಳನೇ ಫಾರಂ ಎರಡೆರಡು ಸಲ ಸೇರಿ, ಎಂಟನೆಯದು ಇಲ್ಲವೇ ಇಲ್ಲ. ಪುಸ್ತಕಗಳೆಲ್ಲ ಗಾಡಿಯಲ್ಲಿ ಹೇರಿಕೊಂಡು ವಾಪಸ್ಸು ಬಂದವು. ಯಜಮಾನರು ಕೂಗಾಡುವ ಜಾಯಮಾನದವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಏನು ಯೋಚನೆ ಮಾಡುತ್ತಿದ್ದೆ ಎಂದಷ್ಟೇ ಕೇಳಿದರು.

“ಏಳನೇ ಫಾರಮ್ಮಲ್ಲಿ ಮೀನಿನ ಕಿವಿರಿನ ಚಿತ್ರ ಇತ್ತು, ಸಾರ್. ನೀರು ಹೇಗೆ ಒಳಗೆ ಹೋಗಿ ಹೇಗೆ ಹೊರಗೆ ಬರುತ್ತೆ ಅಂತ ನೋಡ್ತಾ ಇದ್ದೆ.”

ಸುಳ್ಳು ಹೇಳಿದ್ದರೆ ಬಹುಶಃ ಕೆಲಸ ಹೋಗುತ್ತಿತ್ತು. ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಮುನ್ನೂರನ್ನೂ ನೀನೇ ಬಿಚ್ಚಿ ಸರಿಮಾಡು ಎಂದು ಎದ್ದುಹೋದರು.

ಅವಳು ಬಿಚ್ಚಿದಳು. ಹೊಲಿಗೆ ಕತ್ತರಿಸಿ, ಒಣಗಿದ ಅಂಟು ಕೆರೆದು, ಒಂದು ವಾರ ಬಿಚ್ಚಿದಳು. ಮೂರನೇ ದಿನ ಅವಳಿಗೆ ಒಂದು ವಿಷಯ ಖಚಿತವಾಯಿತು. ಇನ್ನು ಮುಂದೆ ಗಮನ ಕೊಡುತ್ತೇನೆ ಎಂದು ಎಷ್ಟು ಸಲ ಆಣೆ ಮಾಡಿದರೂ ಅವಳ ಗಮನ ಅವಳ ಮಾತು ಕೇಳುವುದಿಲ್ಲ. ಹಾಗಾದರೆ ಗಮನ ಇಲ್ಲದೆಯೂ ತಪ್ಪು ತಾನಾಗಿ ಕಣ್ಣಿಗೆ ಹೊಡೆಯಬೇಕು. ಮೂಲೆಯಲ್ಲಿದ್ದ ಕೆಂಪು ಬಳಪ ತೆಗೆದುಕೊಂಡಳು. ಒಂದನೇ ಫಾರಮ್ಮಿನ ಇಡೀ ಪೇರನ್ನು ಒತ್ತಾಗಿ ಜೋಡಿಸಿ, ಮಡಿಕೆಯ ಅಂಚಿನಲ್ಲಿ ತುದಿಯ ಹತ್ತಿರ ಒಂದು ಗೆರೆ ಎಳೆದಳು. ಒಂದೇ ಎಳೆತಕ್ಕೆ ಆ ಪೇರಿನ ಎಲ್ಲ ಕಂತೆಗಳಿಗೂ ಗುರುತು ಬಿತ್ತು. ಎರಡನೇ ಫಾರಮ್ಮಿಗೆ ಒಂದು ಬೆರಳು ಕೆಳಗೆ, ಮೂರನೆಯದಕ್ಕೆ ಇನ್ನೊಂದು ಬೆರಳು ಕೆಳಗೆ. ಹೀಗೆ ಎಲ್ಲ ಮುಗಿಸಿ ಒಂದು ಪುಸ್ತಕ ಕೂಡಿಸಿ ಬೆನ್ನು ನೋಡಿದರೆ, ಕೆಂಪು ಗುರುತುಗಳು ಮೆಟ್ಟಿಲಿನಂತೆ ಇಳಿದುಕೊಂಡು ಹೋಗಿದ್ದವು. ಒಂದು ಫಾರಂ ತಪ್ಪಿದರೆ ಮೆಟ್ಟಿಲು ಮುರಿಯುತ್ತದೆ. ಒಂದೇ ಫಾರಂ ಎರಡು ಸಲ ಸೇರಿದರೆ ಒಂದೇ ಎತ್ತರದಲ್ಲಿ ಎರಡು ಗುರುತು. ಲೆಕ್ಕ ಹಾಕಬೇಕಾಗಿಲ್ಲ, ಪುಟ ತಿರುವಬೇಕಾಗಿಲ್ಲ; ಮೇಲೆ ಅಂಟು, ಬಟ್ಟೆ ಬಿದ್ದರೆ ಗುರುತು ಯಾರಿಗೂ ಕಾಣುವುದೂ ಇಲ್ಲ.

ಯಜಮಾನರು ಅವಳಿಗೆ ತಿಳಿಸದೆ ಪರೀಕ್ಷೆ ಮಾಡಿದರು. ಅವಳು ಊಟಕ್ಕೆ ಹೋಗಿದ್ದಾಗ ಇನ್ನೂ ಹೊಲಿಯದ ಐವತ್ತು ಪುಸ್ತಕಗಳ ಸಾಲಿನಲ್ಲಿ ಯಾವುದೋ ಒಂದು ಪುಸ್ತಕದ ಹತ್ತನೇ ಫಾರಂ ಎಳೆದು ಕುರ್ಚಿಯ ಕೆಳಗೆ ಬಚ್ಚಿಟ್ಟರು. ಅವಳು ಊಟದ ಡಬ್ಬಿ ತೊಳೆದುಕೊಂಡು ಒಳಗೆ ಬಂದವಳು, ಬಾಗಿಲ ಹತ್ತಿರದಿಂದಲೇ, “ಅದ್ಯಾರು ಅದನ್ನ ಮುಟ್ಟಿದ್ದು? ಎಡಗಡೆಯಿಂದ ಹದಿನೆಂಟನೇದು ಮುರಿದಿದೆ” ಎಂದಳು.

ಮರುದಿನದಿಂದ, ರಟ್ಟು ಹಾಕುವ ಮೊದಲು ಪುಸ್ತಕಗಳನ್ನು ಪರೀಕ್ಷಿಸುವ ಕೊನೆಯ ಮೇಜು ಅವಳದಾಯಿತು. ದೊಡ್ಡ ಪ್ರೆಸ್ಸುಗಳಲ್ಲಿ ಇಂಥ ಗುರುತನ್ನು ಅಚ್ಚಿನಲ್ಲೇ ಹಾಕುತ್ತಾರೆ ಎನ್ನುವುದು ಅವಳಿಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಪ್ರೆಸ್ಸಿನಲ್ಲಿ ಮಷಿನ್ ಓಡಿಸುತ್ತಿದ್ದ, ಮುಂದೆ ಅವಳ ಗಂಡನಾದವನು ಅದನ್ನು ಹೇಳಿದ. ಅವಳು ಪೆಚ್ಚಾಗಲಿಲ್ಲ. ಅವರಿಗೆ ಯಾರೋ ಹೇಳಿಕೊಟ್ಟಿದ್ದು, ನನಗೆ ಯಾರೂ ಹೇಳಿಕೊಡಲಿಲ್ಲ ಎಂದು ತಲೆ ಎತ್ತಿಕೊಂಡೇ ಹೇಳಿದಳು.

ನಿದ್ದೆಗೆ ಮಾತ್ರ ಅಂಥ ಉಪಾಯ ಹೊಳೆಯಲಿಲ್ಲ. ಹೊಲಿಗೆಯ ಬೆಂಚಿಗೆ ಒಂದು ದಿನ ಕೂರಿಸಿದರೆ, ಕಣ್ಣು ಮುಚ್ಚಿದ ಮೇಲೂ ಕೈ ಸೂಜಿ ಆಡಿಸುತ್ತಲೇ ಇತ್ತು. ಎಚ್ಚರಾಗಿ ನೋಡಿದರೆ ಪುಸ್ತಕದ ಜೊತೆ ತನ್ನ ಸೆರಗನ್ನೂ ಸೇರಿಸಿ ಹೊಲಿದಿದ್ದಳು. ಕಟಿಂಗ್ ಮಷಿನ್ನಿನ ಹತ್ತಿರ ಸುಳಿಯಬಾರದು ಎಂದು ಯಜಮಾನರು ಕಟ್ಟುನಿಟ್ಟಾಗಿ ಹೇಳಿದ್ದರು. ಅವಳು ನಿಂತು ಕೆಲಸ ಮಾಡುವುದನ್ನು ಅಭ್ಯಾಸ ಮಾಡಿಕೊಂಡಳು, ಒದ್ದೆ ಬಟ್ಟೆ ಕುತ್ತಿಗೆಗೆ ಸುತ್ತಿಕೊಂಡಳು, ತೊಡೆ ಚಿವುಟಿ ಚಿವುಟಿ ನೀಲಿ ಮಾಡಿಕೊಂಡಳು.

ಇನ್ನೊಂದು ವಿಚಿತ್ರವಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಶಾಲೆಯ ದಿನಗಳಿಂದಲೇ ಜೋರಾಗಿ ನಕ್ಕರೆ ಮಂಡಿ ಸಡಿಲವಾಗುತ್ತಿತ್ತು. ಒಮ್ಮೆ ಯಾರದೋ ತಮಾಷೆಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ಕಾಲಲ್ಲಿ ಎಲುಬೇ ಇಲ್ಲದವಳ ಹಾಗೆ ಕುಸಿದು, ಅಂಟಿನ ಬಕೀಟನ್ನು ಮೈಮೇಲೆ ಕೆಡವಿಕೊಂಡಳು. ಎಚ್ಚರ ತಪ್ಪಿರಲಿಲ್ಲ, ಎಲ್ಲರ ಮಾತೂ ಕೇಳುತ್ತಿತ್ತು, ತುಟಿ ಮಾತ್ರ ಆಡಲಿಲ್ಲ. ಅರ್ಧ ನಿಮಿಷದಲ್ಲಿ ಎದ್ದಳು. ನಾಟಕ ಮಾಡುತ್ತಾಳೆ ಎಂದು ಮೂಗು ಮುರಿದವರೇ ಹೆಚ್ಚು. ಅಂದಿನಿಂದ ಅವಳು ನಗುವುದನ್ನೇ ಬಿಟ್ಟಳು. ತಮಾಷೆ ಶುರುವಾದರೆ ಎದ್ದು ಹೋಗಿ ನಲ್ಲಿಯ ಹತ್ತಿರ ಕೈ ತೊಳೆಯುತ್ತ ನಿಲ್ಲುವಳು. ಗಂಟುಮುಖದವಳು, ಜಂಬ ಎಂದು ಜನ ಆಡಿಕೊಂಡರು. ಮದುವೆಯಾದ ಹೊಸದರಲ್ಲಿ ಗಂಡನೂ ತನ್ನ ಮಾತು ಇವಳಿಗೆ ರುಚಿಸುವುದಿಲ್ಲವೇನೋ ಎಂದು ಒಳಗೊಳಗೇ ಕೊರಗಿದ.

ಮಗಳು ಹುಟ್ಟಿ ಒಂಬತ್ತು ವರ್ಷವಾದಾಗ ಶಾಲೆಯಿಂದ ಚೀಟಿ ಬಂತು. ಹುಡುಗಿ ಬುದ್ಧಿವಂತೆ, ಆದರೆ ಪಾಠದ ಕಡೆ ಗಮನವಿಲ್ಲ, ಯಾರಾದರೂ ಡಾಕ್ಟರಿಗೆ ತೋರಿಸಿ ಎಂದು ಬರೆದಿದ್ದರು. ಮಕ್ಕಳನ್ನೂ ದೊಡ್ಡವರನ್ನೂ ನೋಡುತ್ತಿದ್ದ ಒಬ್ಬ ಡಾಕ್ಟರಮ್ಮನ ಹತ್ತಿರ ತಾಯಿ ಮಗಳು ಹೋದರು. ಶುರು ಮಾಡಿದ ಕೆಲಸ ಅರ್ಧಕ್ಕೆ ಬಿಡುತ್ತಾಳೆಯೇ, ಹೇಳಿದ್ದು ಕೇಳಿಸಿಯೂ ಕೇಳದ ಹಾಗೆ ಇರುತ್ತಾಳೆಯೇ, ವಸ್ತು ಕಳೆದುಕೊಳ್ಳುತ್ತಾಳೆಯೇ ಎಂದು ಅವರು ಒಂದೊಂದಾಗಿ ಕೇಳುತ್ತ ಹೋದರು. ಜೋಂಪಕ್ಕ ಹೌದು, ಹೌದು ಎನ್ನುತ್ತ ಹೋದಳು. ಐದಾರು ಪ್ರಶ್ನೆ ಆದ ಮೇಲೆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಇದೆಲ್ಲ ಮಗಳ ವಿಷಯ ಹೇಳುತ್ತಿದ್ದೀರೋ ನಿಮ್ಮದೋ ಎಂದು ಕೇಳಿದರು. ಮಗಳು ಫಕ್ಕನೆ ನಕ್ಕಳು. ತಾಯಿಗೆ ಆಗಲೇ ಗೊತ್ತಾದದ್ದು, ಅರ್ಧ ಉತ್ತರಗಳು ತನ್ನವೇ ಎಂದು.

ಇಬ್ಬರಿಗೂ ಗಮನದ ಕೊರತೆ ಎನ್ನುವ ತೊಂದರೆ ಇದೆ ಎಂದು ತೀರ್ಮಾನವಾಯಿತು. ಮಗಳಿಗೆ ಸದ್ಯಕ್ಕೆ ಮಾತ್ರೆ ಬೇಡ ಎಂದರು, ತಾಯಿಗೆ ಶುರುವಾಯಿತು. ಮೊದಲ ತಿಂಗಳು ಯಾರೋ ಕಿಟಕಿಯ ಗಾಜು ಒರೆಸಿಕೊಟ್ಟ ಹಾಗಿತ್ತು ಅವಳಿಗೆ. ಉಪ್ಪು ತರಲು ಹೋದರೆ ಉಪ್ಪು ತಂದಳು. ಕಾಯಿಲೆಯ ಹೆಸರು ಸಿಕ್ಕಿತು, ಮದ್ದೂ ಸಿಕ್ಕಿತು, ಇಷ್ಟೇ ಎಂದುಕೊಂಡಳು.

ಅಷ್ಟಕ್ಕೇ ಮುಗಿಯಲಿಲ್ಲ. ಮೂರನೇ ಭೇಟಿಗೆ ಹೋದಾಗ ಹೊರಗಿನ ಬೆಂಚಿನಲ್ಲಿ ಕೂತವಳು ಮಗಳ ಹೆಗಲಿಗೆ ಒರಗಿ ಗಾಢವಾಗಿ ನಿದ್ದೆ ಹೋಗಿದ್ದಳು. ಡಾಕ್ಟರಮ್ಮ ತಾವೇ ಬಾಗಿಲಿಗೆ ಬಂದು ನಿಂತು ನೋಡಿದರು. ಈ ಮಾತ್ರೆ ತಿಂದವರಿಗೆ ನಿದ್ದೆ ದೂರವಾಗಬೇಕು, ಇವರೇಕೆ ಹೀಗೆ ಮಲಗಿದ್ದಾರೆ ಎಂದು ಅವರಿಗೆ ಅನುಮಾನ ಬಂತು. ಒಳಗೆ ಕರೆದು ಕೂರಿಸಿ, ಇದು ಎಂದಿನಿಂದ ಎಂದು ಕೇಳಿದರು. ಕೂತರೆ ಎಲ್ಲರಿಗೂ ನಿದ್ದೆ ಬರುತ್ತದಲ್ಲ ಎಂದಳು ಜೋಂಪಕ್ಕ. ಎಲ್ಲರಿಗೂ ಬರುವುದಿಲ್ಲ ಎಂದರು ಅವರು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು.

“ಜೋರಾಗಿ ನಕ್ಕಾಗ ಕೈಕಾಲು ಸೋತ ಹಾಗೆ ಆಗುತ್ತಾ?”

ಇಪ್ಪತ್ತು ವರ್ಷಕ್ಕೂ ಮೇಲೆ ಬಚ್ಚಿಟ್ಟುಕೊಂಡಿದ್ದನ್ನು, ಯಾರೂ ಊಹಿಸದೇ ಇದ್ದದ್ದನ್ನು, ಈ ಹೆಂಗಸು ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳುವಷ್ಟು ಸಲೀಸಾಗಿ ಕೇಳಿದ್ದರು. ಜೋಂಪಕ್ಕ ತಲೆ ಆಡಿಸಿದಳು, ಕಣ್ಣು ತುಂಬಿಕೊಂಡಿತು.

ನಿದ್ದೆಯ ಪರೀಕ್ಷೆಗೆ ಮೊದಲು ಎರಡು ವಾರ ಮಾತ್ರೆ ನಿಲ್ಲಿಸಬೇಕಾಯಿತು. ಆ ಎರಡು ವಾರ ಅವಳು ಕೆಲಸಕ್ಕೆ ಹೋಗಲಿಲ್ಲ, ಹೋಗುವ ಸ್ಥಿತಿಯಲ್ಲೂ ಇರಲಿಲ್ಲ. ಆಮೇಲೆ ಆಸ್ಪತ್ರೆಯ ಒಂದು ಶಾಂತವಾದ ಕೋಣೆಯಲ್ಲಿ ಒಂದು ರಾತ್ರಿ ಮಲಗಿಸಿ, ಮರುದಿನ ಹಗಲು ಎರಡು ಗಂಟೆಗೊಮ್ಮೆ ಐದು ಸಲ ಮಲಗಲು ಹೇಳಿದರು. ತಲೆಗೆ ತಂತಿ ಅಂಟಿಸಲು ಬಂದ ನರ್ಸಮ್ಮನನ್ನು, ಇದು ಯಾವ ಅಂಟು, ಎಷ್ಟು ಹೊತ್ತಿಗೆ ಒಣಗುತ್ತದೆ, ಬಿಡಿಸುವಾಗ ಕೂದಲು ಕಿತ್ತು ಬರುತ್ತದೆಯೇ ಎಂದು ಅವಳು ಕೂಲಂಕಷವಾಗಿ ವಿಚಾರಿಸಿದಳು. ಐದು ಸಲವೂ ದೀಪ ಆರಿಸಿದ ಎರಡು ಮೂರು ನಿಮಿಷಕ್ಕೆ ನಿದ್ದೆ ಹೋದಳು. ನಾಲ್ಕು ಸಲ, ನಿದ್ದೆ ಬಂದ ಕೂಡಲೇ ಕನಸೂ ಬಂತು. ಶಾಲೆಯಲ್ಲಿ ಮಲಗಿದ್ದಕ್ಕೆ ಬೆಂಚು ಹತ್ತಿದವಳು, ಮಲಗುವುದರಲ್ಲೇ ಪರೀಕ್ಷೆ ಪಾಸಾದೆ ಎಂದು ಗಂಡನಿಗೆ ಹೇಳಿದಳು.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಸಮಯ ತೆಗೆದುಕೊಂಡು ವಿವರಿಸಿದರು. ಹದಿಮೂರಕ್ಕೆ ಬಂದದ್ದರ ಹೆಸರು ನಾರ್ಕೊಲೆಪ್ಸಿ. ಎಚ್ಚರವನ್ನು ಗಟ್ಟಿಯಾಗಿ ಹಿಡಿದಿಡುವ ಶಕ್ತಿ ಮಿದುಳಿಗೆ ಸಾಲದೆ, ಕನಸಿನ ನಿದ್ದೆ ಹಗಲಿನೊಳಗೆ ನುಗ್ಗುತ್ತದೆ. ಕನಸಿನಲ್ಲಿ ಮೈ ಸಡಿಲವಾಗುವುದು ಎಲ್ಲರಿಗೂ ಇದ್ದದ್ದೇ. ಇವಳಿಗೆ ಅದು ನಗುವಾಗ, ಎಚ್ಚರವಿದ್ದಾಗಲೇ ಬಂದುಬಿಡುತ್ತದೆ. ಗಮನದ ಕೊರತೆ ಅದಕ್ಕೂ ಮೊದಲಿನಿಂದ ಇದ್ದದ್ದು.

“ಹಾಗಾದ್ರೆ ನನಗೆ ಇರೋದು ಇದಾ, ಅದಾ?” ಎಂದು ಕೇಳಿದಳು.

“ಎರಡೂ ಇದೆ. ಇವೆರಡೂ ಒಟ್ಟಿಗೆ ಇರೋವ್ರು ಕಡಿಮೆ ಏನಿಲ್ಲ. ಕೆಲವರಿಗೆ ನಿದ್ದೆ ಸಾಲದೇನೇ ಗಮನ ತಪ್ಪುತ್ತೆ, ನೋಡೋಕೆ ಗಮನದ ಕೊರತೆ ಥರಾನೇ ಕಾಣುತ್ತೆ. ಕೆಲವರಿಗೆ ನಿಮ್ಮ ಹಾಗೆ ಎರಡೂ ನಿಜವಾಗ್ಲೂ ಇರುತ್ತೆ. ಒಳಗೆ ಅವಕ್ಕೆ ಏನು ನಂಟು ಅನ್ನೋದು ಇನ್ನೂ ಪೂರ್ತಿ ಗೊತ್ತಾಗಿಲ್ಲ.” ಗಮನಕ್ಕೆ ಕೊಟ್ಟ ಮಾತ್ರೆ ನಿದ್ದೆಯನ್ನೂ ತಡೆಯುವಂಥದ್ದೇ ಆದ್ದರಿಂದ ಅದು ಕಾಯಿಲೆಯನ್ನು ಅರ್ಧ ಮರೆಮಾಡಿತ್ತು, ತಾನೂ ಮೊದಲೇ ಕೇಳಬೇಕಿತ್ತು ಎಂದು ಡಾಕ್ಟರಮ್ಮ ಒಪ್ಪಿಕೊಂಡರು. ಮದ್ದು ಬದಲಾಯಿಸಿದರು. ಜೊತೆಗೆ ಹಗಲಿನಲ್ಲಿ ಇಪ್ಪತ್ತು ಇಪ್ಪತ್ತು ನಿಮಿಷ, ಎರಡು ಸಲ, ಗೊತ್ತಾದ ಹೊತ್ತಿಗೆ ಮಲಗಲೇಬೇಕು ಎಂದು ಬರೆದುಕೊಟ್ಟರು.

ಆ ಸಂಜೆ ಅವಳಿಗೆ ಸಿಟ್ಟು ಬಂತು. ಮೇಷ್ಟ್ರ ಮೇಲೆ, ಟಾನಿಕ್ಕಿನ ಡಾಕ್ಟರ ಮೇಲೆ, ಮೈಗಳ್ಳಿ ಎಂದ ಎಲ್ಲರ ಮೇಲೆ. ಅಮ್ಮನಿಗೆ ಫೋನು ಮಾಡಿ ಹೇಳಿದಳು. ಅಮ್ಮ ಎಲ್ಲ ಕೇಳಿಸಿಕೊಂಡು, “ನಾನೂ ಹಾಗೇ ಅಂದಿದ್ದೆನಲ್ಲ ಮಗಳೇ” ಎಂದಳು. ಸಿಟ್ಟು ಅಲ್ಲಿಗೆ ಇಳಿಯಿತು. ಆಮೇಲೆ ಪಾತ್ರೆ ತೊಳೆಯುತ್ತ ನಿಂತಾಗ ಬೇರೆಯೇ ಒಂದು ಯೋಚನೆ ಬಂತು. ಉಳಿದವರು ಪೂರ್ತಿ ಎಚ್ಚರದಲ್ಲಿ ಮಾಡಿದ ಕೆಲಸವನ್ನು ತಾನು ಅರ್ಧ ನಿದ್ದೆಯಲ್ಲಿ ಮಾಡಿದ್ದೇನೆ. ಮೇಜು ಸಂಪಾದಿಸಿದ್ದೇನೆ, ಮನೆ ನಡೆಸಿದ್ದೇನೆ, ಮಗಳನ್ನು ಬೆಳೆಸಿದ್ದೇನೆ. ಅವಳು ನೆಟ್ಟಗೆ ನಿಂತುಕೊಂಡಳು. ಕೈಯಲ್ಲಿದ್ದ ತಟ್ಟೆಯನ್ನು ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ತಿಕ್ಕಿದಳು.

ಗಂಡನಿಗೆ ನಗುವಿನ ಸಂಗತಿ ಪೂರ್ತಿ ತಿಳಿದದ್ದು ಆಗಲೇ. ಮುಂದಿನ ಭಾನುವಾರ ಅವನು ಹಾಸಿಗೆಯನ್ನು ನಡುಮನೆಗೆ ಎಳೆದು ತಂದು ಹಾಸಿ, ಸುತ್ತಲೂ ದಿಂಬು ಇಟ್ಟು, ಅವಳನ್ನು ಕೂರಿಸಿದ. ಹನ್ನೊಂದು ವರ್ಷದಿಂದ ಹೇಳಲು ಹೋಗಿ ನುಂಗಿಕೊಂಡಿದ್ದೆಲ್ಲವನ್ನೂ ಒಂದೊಂದಾಗಿ ಹೇಳತೊಡಗಿದ. ಅಷ್ಟೇನೂ ಒಳ್ಳೆಯ ತಮಾಷೆಗಳಲ್ಲ. ಆದರೆ ಪ್ರೆಸ್ಸಿನ ಮ್ಯಾನೇಜರು ಗೋಡೆಯ ಹಸಿ ಬಣ್ಣಕ್ಕೆ ಒರಗಿ, ಅಲ್ಲಿ ಅಂಟಿಸಿದ್ದ ‘ಮುಟ್ಟಬೇಡಿ’ ಎಂಬ ಚೀಟಿಯನ್ನು ದಿನವಿಡೀ ಬೆನ್ನ ಮೇಲೆ ಹೊತ್ತು ಓಡಾಡಿದ ಕಥೆಗೆ ಅವಳು ತಡೆಯಲಾರದೆ ನಕ್ಕು, ಮೆತ್ತಗೆ ಪಕ್ಕಕ್ಕೆ ಉರುಳಿದಳು. ಮಗಳು ಪಕ್ಕದಲ್ಲಿ ಮಲಗಿ ಅಮ್ಮನ ಕೈ ಹಿಡಿದುಕೊಂಡಳು. ಅರ್ಧ ನಿಮಿಷಕ್ಕೆ ಜೋಂಪಕ್ಕ ಎದ್ದು ಕೂತು, ಮುಂದಿನದು ಹೇಳಿ ಎಂದಳು.

ಅಂಗಡಿಯಲ್ಲಿ ಅಷ್ಟು ಸುಲಭವಾಗಲಿಲ್ಲ. ಯಜಮಾನರು ಡಾಕ್ಟರ ಚೀಟಿ ಎರಡು ಸಲ ಓದಿ, ಇಷ್ಟು ವರ್ಷ ಕದ್ದು ಮಲಗಿದೆ, ಇನ್ನು ಮೇಲೆ ಹಕ್ಕಿನಿಂದ ಮಲಗು ಎಂದು ಕಾಗದದ ಕೋಣೆಯಲ್ಲಿ ಒಂದು ಹಲಗೆ ಹಾಕಿಸಿಕೊಟ್ಟರು. ಕಟಿಂಗ್ ಮಷಿನ್ನಿನವನಿಗೆ ಇದು ಸರಿಬರಲಿಲ್ಲ. ಊಟ ಆದ ಮೇಲೆ ನಮಗೂ ಕಣ್ಣು ಎಳೆಯುತ್ತದೆ, ನಾವೂ ಒಂದೊಂದು ಚೀಟಿ ಬರೆಸಿಕೊಂಡು ಬರೋಣ ಎಂದು ಎಲ್ಲರಿಗೂ ಕೇಳುವಂತೆ ಅಂದ. ಹಿಂದಿನ ಜೋಂಪಕ್ಕ ಆಗಿದ್ದರೆ ನಲ್ಲಿಯ ಕಡೆ ನಡೆಯುತ್ತಿದ್ದಳು. ಈ ಸಲ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟು, ಕೋಣೆಯ ನಡುವೆ ಬಂದು ನಿಂತಳು.

“ನೀವು ಎರಡು ದಿನ ನಿದ್ದೆ ಬಿಟ್ಟು ಮೂರನೇ ದಿನ ಆ ಮಷಿನ್ ಮುಂದೆ ನಿಂತ್ರೆ ಹೇಗಿರುತ್ತೆ ಅಂತ ಯೋಚನೆ ಮಾಡಿ. ನನಗೆ ದಿನಾ ಹಾಗೇ. ಹಾಗಿದ್ದೂ ನನ್ನ ಮೇಜಿಂದ ಇಷ್ಟು ವರ್ಷದಲ್ಲಿ ಒಂದೇ ಒಂದು ತಪ್ಪು ಪುಸ್ತಕ ಹೊರಗೆ ಹೋಗಿದ್ರೆ ತೋರಿಸಿ. ಆ ನಲವತ್ತು ನಿಮಿಷ ಸಂಜೆ ನಿಂತು ಮಾಡಿಕೊಡ್ತೀನಿ.”

ಅವನು ಮಷಿನ್ನಿನ ಕಡೆ ತಿರುಗಿಕೊಂಡ. ತೋರಿಸಲು ಏನೂ ಇರಲಿಲ್ಲ. ವಾರ ಕಳೆದ ಮೇಲೆ, ಅವಳು ಮಲಗುವ ಹೊತ್ತಿಗೆ ಮಷಿನ್ನಿನ ಗದ್ದಲ ನಿಲ್ಲಿಸಿ ಬ್ಲೇಡು ಒರೆಸುವ ಕೆಲಸ ಇಟ್ಟುಕೊಳ್ಳತೊಡಗಿದ. 

ಅವಳಿಗೆ ನಲವತ್ತು ತುಂಬಿದ ವರ್ಷ ಅಂಗಡಿಗೆ ಒಂದು ದೊಡ್ಡ ನಿಘಂಟಿನ ಮೊದಲ ಸಂಪುಟದ ಕೆಲಸ ಬಂತು. ಎಪ್ಪತ್ತೆರಡು ಫಾರಂ, ಮೂರು ಸಾವಿರ ಪ್ರತಿ. ಬೆನ್ನಿನ ಮೇಲೆ ಅಷ್ಟು ಗುರುತಿಗೆ ಜಾಗವಿಲ್ಲ. ಅವಳು ಕೆಂಪು, ನೀಲಿ, ಹಸಿರು ಎಂದು ಮೂರು ಬಣ್ಣದಲ್ಲಿ ಮೂರು ಮೆಟ್ಟಿಲು ಇಳಿಸಿದಳು. ಎರಡು ತಿಂಗಳು ಅಂಗಡಿಯವರೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದರು. ಅವಳು ಮಾತ್ರ ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಕಾಗದದ ಕೋಣೆಗೆ ಹೋಗಿ ಇಪ್ಪತ್ತು ನಿಮಿಷ ಮಲಗಿ ಬಂದಳು. ಮಲಗಿ ಬಂದ ಮೇಲಿನ ಒಂದೂವರೆ ಗಂಟೆ ಅವಳ ಕಣ್ಣು ಹದ್ದಿನ ಕಣ್ಣು. ಆ ಕೆಲಸದಲ್ಲಿ ಅವಳು ಹಿಡಿದ ತಪ್ಪು ನೂರ ಹನ್ನೆರಡು.

ಪುಸ್ತಕ ಒಯ್ಯುವ ಮೊದಲು ಪ್ರಕಾಶಕರ ಕಡೆಯಿಂದ ಒಬ್ಬ ಹಿರಿಯರು ತಪಾಸಣೆಗೆ ಬಂದರು. ಬೇಕಾದ ಕಡೆಯಿಂದ ಬೇಕಾದ ಹಾಗೆ ಇನ್ನೂರು ಪ್ರತಿ ಎಳೆಸಿ, ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಪುಟ ತಿರುವಿದರು. ಒಂದು ತಪ್ಪೂ ಸಿಗಲಿಲ್ಲ. ಅವರು ಕನ್ನಡಕ ಒರೆಸಿಕೊಂಡು, ಇಷ್ಟು ವರ್ಷದ ನನ್ನ ಅನುಭವದಲ್ಲಿ ಹೀಗಾದದ್ದಿಲ್ಲ, ಇದನ್ನು ನೋಡಿದವರು ಯಾರು, ಅವರನ್ನು ಕಾಣಬೇಕಲ್ಲ ಎಂದರು.

ಗಡಿಯಾರದಲ್ಲಿ ಮೂರು ಗಂಟೆ ಎಂಟು ನಿಮಿಷವಾಗಿತ್ತು. ಯಜಮಾನರು ಕಾಗದದ ಕೋಣೆಯ ಅರೆತೆರೆದ ಬಾಗಿಲ ಕಡೆ ಕೈ ತೋರಿಸಿದರು.

“ಅಲ್ಲಿ ಮಲಗಿದ್ದಾರಲ್ಲ, ಅವರೇ.”

ಹಿರಿಯರು ತಮಾಷೆ ಎಂದುಕೊಂಡರು. ತಮಾಷೆಯಲ್ಲ ಎಂದು ತಿಳಿದ ಮೇಲೆ ಎಬ್ಬಿಸಿ ಎಂದರು. ಎಬ್ಬಿಸುವುದಿಲ್ಲ, ಅದು ಅವರ ಹೊತ್ತು, ಇನ್ನು ಹನ್ನೆರಡು ನಿಮಿಷ ಇದೆ, ಕೂತುಕೊಳ್ಳಿ ಎಂದು ಯಜಮಾನರು ಕುರ್ಚಿ ಎಳೆದುಕೊಟ್ಟರು. ಅಷ್ಟು ದೊಡ್ಡ ಗಿರಾಕಿಗೆ ಅವರು ಹಾಗೆ ಹೇಳಿದ್ದನ್ನು ಅಂಗಡಿಯಲ್ಲಿ ಯಾರೂ ಕಂಡಿರಲಿಲ್ಲ. ಹಿರಿಯರು ಕೂತು ಕಾದರು.

ಮೂರು ಇಪ್ಪತ್ತಕ್ಕೆ ಜೋಂಪಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಹಿರಿಯರು ಎದ್ದು ನಿಂತರು. ಹೊಗಳಿಕೆಗೆ ಅವಳು ತಲೆ ತಗ್ಗಿಸಲಿಲ್ಲ, ಅಯ್ಯೋ ನಂದೇನಿದೆ ಎನ್ನಲೂ ಇಲ್ಲ. ಹೌದು, ನಾನೇ ನೋಡಿದ್ದು ಎಂದಳು. ಅವರನ್ನು ತನ್ನ ಮೇಜಿನ ಹತ್ತಿರ ಕರೆದುಕೊಂಡು ಹೋಗಿ, ಇನ್ನೂ ರಟ್ಟು ಹಾಕದ ಒಂದು ಪ್ರತಿಯ ಬೆನ್ನು ತೋರಿಸಿ, ಮೂರು ಬಣ್ಣದ ಗೆರೆಗಳ ಮೇಲೆ ಬೆರಳಿಟ್ಟು, ಮೇಲಿನಿಂದ ಕೆಳಗಿನವರೆಗೆ ಒಂದೊಂದನ್ನೂ ವಿವರಿಸಿದಳು. ಅವರು ಕುತ್ತಿಗೆ ಬಗ್ಗಿಸಿ ಕೇಳಿದರು. ಹೋಗುವಾಗ ಮುಂದಿನ ಸಂಪುಟವನ್ನೂ ಇಲ್ಲಿಗೇ ಕಳಿಸುತ್ತೇವೆ, ಆದರೆ ಇವರ ಮೇಜಿನಿಂದಲೇ ಬರಬೇಕು ಎಂದು ಯಜಮಾನರಿಗೆ ಹೇಳಿದರು. ಅವಳು ಆಗಲೇ ಮುಂದಿನ ಪೇರನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಳು.